ಆಟ ನಿಂತ ಮೇಲೂ ಮೈದಾನ ಬಿಡಬೇಕಿಲ್ಲ: ನಮ್ಮ ಕಡೆಯ ಹೆಣ್ಣುಮಕ್ಕಳು ಫುಟ್‌ಬಾಲ್ ರೆಫರಿ ಆಗುವುದು ಹೇಗೆ?

2024ರ ಜನವರಿ 13ರಂದು ಕತಾರ್‌ನಲ್ಲಿ ಏಷ್ಯನ್ ಕಪ್‌ನ ಭಾರತ–ಆಸ್ಟ್ರೇಲಿಯಾ ಪಂದ್ಯ ನಡೆಯಿತು. ನಾವು 2–0ರಿಂದ ಸೋತೆವು. ಆ ದಿನ ಸೀಟಿ ಹಿಡಿದಿದ್ದವರು ಜಪಾನಿನ ಯೋಶಿಮಿ ಯಮಶಿತಾ. ಪುರುಷರ ಏಷ್ಯನ್ ಕಪ್ ಪಂದ್ಯಕ್ಕೆ ಮಹಿಳೆಯೊಬ್ಬರು ರೆಫರಿ ಆಗಿದ್ದು ಅದೇ ಮೊದಲು. ಅದಕ್ಕೂ ಮುಂಚೆ, 2022ರ ಡಿಸೆಂಬರ್ 1ರಂದು, ಪುರುಷರ ವಿಶ್ವಕಪ್‌ನಲ್ಲಿ ಜರ್ಮನಿ–ಕೋಸ್ಟರಿಕಾ ಪಂದ್ಯವನ್ನು ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ ನಡೆಸಿದ್ದರು. ಗೆರೆಯ ಪಕ್ಕ ಬಾವುಟ ಹಿಡಿದ ಇಬ್ಬರು ಸಹಾಯಕ ರೆಫರಿಗಳೂ ಮಹಿಳೆಯರೇ. ಒಬ್ಬರು ಬ್ರೆಜಿಲ್‌ನವರು, ಇನ್ನೊಬ್ಬರು ಮೆಕ್ಸಿಕೊದವರು.

ಟಿವಿಯಲ್ಲಿ ಇದನ್ನೆಲ್ಲ ನೋಡಿ ಖುಷಿಪಟ್ಟಿದ್ದಾಯಿತು. ಹುಬ್ಬಳ್ಳಿ–ಧಾರವಾಡದ, ಗದಗಿನ, ಹಾವೇರಿಯ ಹುಡುಗಿಗೆ ಈ ದಾರಿ ಎಲ್ಲಿಂದ ಶುರುವಾಗುತ್ತದೆ ಎಂದು ಕೂರಿಸಿಕೊಂಡು ಹೇಳುವವರು ಮಾತ್ರ ಕಡಿಮೆ. ಅದಕ್ಕೇ ಈ ಬರಹ.

ನಮ್ಮಲ್ಲಿ ಹೈಸ್ಕೂಲಿನ ತನಕ ಚೆನ್ನಾಗಿ ಆಡುವ ಹುಡುಗಿಯರು ಬೇಕಾದಷ್ಟು ಇದ್ದಾರೆ. ಪಿಯುಸಿ ಬಂತು, ಟ್ಯೂಷನ್ ಬಂತು, ತಂಡ ಒಡೆಯಿತು. ಡಿಗ್ರಿ ಮುಗಿಯುವಾಗ ಬೂಟು ಅಟ್ಟ ಸೇರಿರುತ್ತದೆ. ಆಟದ ಬದುಕು ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ರೆಫರಿ ಕೆಲಸ ಗಟ್ಟಿಯಾಗಿ ಶುರುವಾಗುವುದೇ ಆ ವಯಸ್ಸಿನಲ್ಲಿ. ಅಂತರರಾಷ್ಟ್ರೀಯ ಪಂದ್ಯ ನಡೆಸಬಲ್ಲವರ ಫಿಫಾ ಪಟ್ಟಿಗೆ ಸೇರಬೇಕಾದರೆ ಮುಖ್ಯ ರೆಫರಿಗೆ ಕನಿಷ್ಠ 25 ವರ್ಷ, ಸಹಾಯಕ ರೆಫರಿಗೆ 23 ವರ್ಷ ಆಗಿರಲೇಬೇಕು. ಇಂಗ್ಲೆಂಡಿನ ರೆಬೆಕಾ ವೆಲ್ಚ್ ರೆಫರಿಂಗ್ ಶುರು ಮಾಡಿದ್ದು 2010ರಲ್ಲಿ, ಇಪ್ಪತ್ತೈದು ದಾಟಿದ ಮೇಲೆ, ಆಸ್ಪತ್ರೆ ಸೇವೆಯ ನೌಕರಿ ಮಾಡುತ್ತಲೇ. 2023ರ ಡಿಸೆಂಬರ್ 23ರಂದು ಫುಲ್‌ಹ್ಯಾಮ್–ಬರ್ನ್ಲಿ ಪಂದ್ಯ ನಡೆಸಿ ಪ್ರೀಮಿಯರ್ ಲೀಗ್‌ನ ಮೊದಲ ಮಹಿಳಾ ರೆಫರಿ ಆದರು. ಹತ್ತಿರದ ಉದಾಹರಣೆ ಬೇಕೆಂದರೆ ತಮಿಳುನಾಡಿನ ದಿಂಡಿಗಲ್‌ನ ರೂಪಾ ದೇವಿ ಇದ್ದಾರೆ. ಭಾರತ ತಂಡಕ್ಕೆ ಆಡಿದವರು, ಆಮೇಲೆ ಫಿಫಾ ರೆಫರಿ ಆದರು. ದಿಂಡಿಗಲ್ ಏನೂ ಮಹಾನಗರವಲ್ಲ, ನಮ್ಮ ಗದಗ, ಹಾವೇರಿಯಂಥದ್ದೇ ಜಿಲ್ಲಾ ಕೇಂದ್ರ.

ಮೊದಲು ನಿಯಮ ಓದಿ

ಫುಟ್‌ಬಾಲ್‌ಗೆ ಇರುವುದು 17 ನಿಯಮ. ಐಫ್ಯಾಬ್ ಎಂಬ ಸಂಸ್ಥೆ ಇವನ್ನು ಬರೆಯುತ್ತದೆ, ಪ್ರತಿ ವರ್ಷ ತಿದ್ದುತ್ತದೆ. ಅದರ ಆ್ಯಪ್‌ನಲ್ಲಿ ಪೂರ್ತಿ ಪುಸ್ತಕ ಪುಕ್ಕಟೆಯಾಗಿ ಸಿಗುತ್ತದೆ. ಭಾಷೆ ಇಂಗ್ಲಿಷ್, ಆದರೆ ವಾಕ್ಯಗಳು ಸರಳ. ದಿನಕ್ಕೆ ಒಂದು ನಿಯಮ ಓದಿ, ಅದನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ ನೋಡಿ. ಹೇಳುವಾಗ ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೆ ಅರ್ಥ ಆಗಿಲ್ಲ ಎಂದೇ ಲೆಕ್ಕ.

ಒಂದರಿಂದ ಹದಿನೇಳರವರೆಗೆ ಸಾಲಾಗಿ ಓದಬೇಕೆಂದೇನಿಲ್ಲ. ನನ್ನ ಸಲಹೆ ಕೇಳಿದರೆ 12ನೇ ನಿಯಮದಿಂದ ಶುರು ಮಾಡಿ. ಫೌಲ್, ಕಾರ್ಡ್ ಎಲ್ಲ ಅಲ್ಲೇ ಇವೆ. ಆಮೇಲೆ 11, ಅಂದರೆ ಆಫ್‌ಸೈಡ್. ಅದಾದ ಮೇಲೆ ರೆಫರಿಯ ಅಧಿಕಾರ ಹೇಳುವ 5 ಮತ್ತು ಸಹಾಯಕರ ಕೆಲಸ ಹೇಳುವ 6. ಉಳಿದವು ಬೇಗ ತಲೆಗೆ ಹತ್ತುತ್ತವೆ.

12ನೇ ನಿಯಮದಲ್ಲಿ ಮೂರು ಮೆಟ್ಟಿಲುಗಳಿವೆ. ಆಟಗಾರ ಗಮನ ಕೊಡದೆ ಎದುರಾಳಿಗೆ ತಗುಲಿದ ಎಂದರೆ ಫೌಲ್ ಮಾತ್ರ, ಕಾರ್ಡ್ ಇಲ್ಲ. ಎದುರಿನವನಿಗೆ ಏನಾಗುತ್ತದೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳದೆ ನುಗ್ಗಿದ ಎಂದರೆ ಹಳದಿ. ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕಿ, ಕಾಲು ಮುರಿಯುವ ಹಾಗೆ ಬಂದ ಎಂದರೆ ಕೆಂಪು. ಟಿವಿಯಲ್ಲಿ ಪಂದ್ಯ ನೋಡುವಾಗ ಪ್ರತಿ ಫೌಲ್‌ಗೂ ಇದು ಯಾವ ಮೆಟ್ಟಿಲು ಎಂದು ಮೊದಲು ನೀವೇ ಹೇಳಿ, ಆಮೇಲೆ ರೆಫರಿ ಏನು ಕೊಟ್ಟರು ನೋಡಿ. ಇಷ್ಟು ಒಳ್ಳೆಯ ಅಭ್ಯಾಸ ಬೇರೆ ಇಲ್ಲ, ಖರ್ಚೂ ಇಲ್ಲ.

ಆಫ್‌ಸೈಡ್ ವಿಷಯದಲ್ಲಿ ನಮ್ಮ ಮೈದಾನಗಳಲ್ಲಿ ಹಳೆ ನಂಬಿಕೆಗಳು ಜಾಸ್ತಿ. ಎದುರಾಳಿಗಳ ಅರ್ಧದಲ್ಲಿ, ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಅವರ ಗೋಲ್ ಗೆರೆಗೆ ಹತ್ತಿರ ಇದ್ದರೆ ಅದು ಆಫ್‌ಸೈಡ್ ಜಾಗ. ಸುಮ್ನೆ ಅಲ್ಲಿ ನಿಂತಿರುವುದು ತಪ್ಪಲ್ಲ. ಅಲ್ಲಿಂದ ಆಟದಲ್ಲಿ ಭಾಗಿಯಾದರೆ ತಪ್ಪು. ಕೊನೆಯಿಂದ ಎರಡನೇ ಎದುರಾಳಿಗೆ ಸಮನಾಗಿ ನಿಂತಿದ್ದರೆ ಆಫ್‌ಸೈಡ್ ಇಲ್ಲ. ಕೈ, ತೋಳು ಲೆಕ್ಕಕ್ಕೆ ಬರುವುದಿಲ್ಲ. ಗೋಲ್ ಕಿಕ್, ಥ್ರೋ, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಕೊಡುವ ಹಾಗೇ ಇಲ್ಲ. ಇಷ್ಟನ್ನು ಹಿಂದೆಮುಂದೆ ನೋಡದೆ ಹೇಳಬಲ್ಲಿರಾದರೆ ಪ್ರೇಕ್ಷಕರ ಅರ್ಧ ಗಲಾಟೆಗೆ ಉತ್ತರ ನಿಮ್ಮ ಹತ್ತಿರ ಇದ್ದ ಹಾಗೆ.

ಹೊಸ ತಿದ್ದುಪಡಿಗಳ ಮೇಲೂ ಕಣ್ಣಿಡಿ. 2025–26ರ ಋತುವಿನಿಂದ ಗೋಲ್‌ಕೀಪರ್ 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಕೈಯಲ್ಲಿ ಹಿಡಿದರೆ ಎದುರು ತಂಡಕ್ಕೆ ಕಾರ್ನರ್ ಸಿಗುತ್ತದೆ. ಕೊನೆಯ 5 ಸೆಕೆಂಡನ್ನು ರೆಫರಿ ಕೈಯೆತ್ತಿ ಬೆರಳಲ್ಲಿ ಎಣಿಸಿ ತೋರಿಸಬೇಕು.

ದೇಹವನ್ನು ಹದಕ್ಕೆ ತನ್ನಿ

ತುಂಬಾ ಜನ ಇಲ್ಲೇ ಉಳಿದುಬಿಡುತ್ತಾರೆ. ಅಂತರರಾಷ್ಟ್ರೀಯ ಮಟ್ಟದ ಮಹಿಳಾ ರೆಫರಿಗಳ ಓಟದ ಪರೀಕ್ಷೆ ಹೀಗಿದೆ: ಮೊದಲು 40 ಮೀಟರ್ ಓಟ 6 ಸಲ, ಪ್ರತಿ ಸಲವೂ 6.4 ಸೆಕೆಂಡಿನೊಳಗೆ. ಆಮೇಲೆ 75 ಮೀಟರನ್ನು 17 ಸೆಕೆಂಡಿನಲ್ಲಿ ಓಡಿ, 25 ಮೀಟರನ್ನು 20 ಸೆಕೆಂಡಿನಲ್ಲಿ ನಡೆಯಬೇಕು. ಇದು 40 ಸಲ, ನಡುವೆ ನಿಲ್ಲುವ ಹಾಗಿಲ್ಲ. ಒಟ್ಟು 4 ಕಿಲೋಮೀಟರ್. ಪುರುಷರ ದೊಡ್ಡ ಪಂದ್ಯ ನಡೆಸಬೇಕೆಂದರೆ ಪುರುಷರ ಸಮಯದಲ್ಲೇ ಓಡಿ ತೋರಿಸಬೇಕು. ಫ್ರಾಪಾರ್, ಯಮಶಿತಾ ಹೀಗೇ ಓಡಿ ಬಂದವರು, ಅವರಿಗೆ ಯಾರೂ ರಿಯಾಯಿತಿ ಕೊಟ್ಟಿಲ್ಲ.

ಆರಂಭದ ಹಂತದ ಪರೀಕ್ಷೆ ಇದಕ್ಕಿಂತ ಹಗುರ. ಆದರೂ ಅಭ್ಯಾಸ ಇದೇ ರೂಪದಲ್ಲಿರಲಿ. 400 ಮೀಟರ್ ಟ್ರ್ಯಾಕ್ ಇದ್ದರೆ ಲೆಕ್ಕ ಸುಲಭ: ಒಂದು ಸುತ್ತಿಗೆ ನಾಲ್ಕು ಓಟ, ನಾಲ್ಕು ನಡಿಗೆ. ಧಾರವಾಡದವರಿಗೆ ಆರ್.ಎನ್. ಶೆಟ್ಟಿ ಕ್ರೀಡಾಂಗಣ, ಗದಗಿನವರಿಗೆ ಕೆ.ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣ, ಹಾವೇರಿಯವರಿಗೆ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣ ಇವೆ. ಹಳ್ಳಿಯಲ್ಲಿದ್ದರೆ ಶಾಲೆಯ ಬಯಲಿನಲ್ಲಿ ಟೇಪು ಹಿಡಿದು 75 ಮೀಟರ್ ಅಳೆದು ಎರಡು ಕಲ್ಲು ಇಡಿ, ಮುಂದೆ 25 ಮೀಟರ್‌ಗೆ ಇನ್ನೊಂದು.

ಮೊದಲ ದಿನವೇ 17 ಸೆಕೆಂಡಿಗೆ ಹಠ ಬೇಡ. 75 ಮೀಟರನ್ನು 20 ಸೆಕೆಂಡಿನಲ್ಲಿ ಓಡಿ, 25 ಸೆಕೆಂಡಿನಲ್ಲಿ ನಡೆಯಿರಿ. ಹೀಗೆ ಮೂರು ಸುತ್ತು ಸಾಕು. ವಾರಕ್ಕೆ ಮೂರು ದಿನ. ಎರಡು ವಾರಕ್ಕೊಮ್ಮೆ ಒಂದು ಸುತ್ತು ಹೆಚ್ಚಿಸಿ, ಸುತ್ತುಗಳು ಕೂಡಿದ ಮೇಲೆ ಸಮಯ ಇಳಿಸಿ. ರೆಫರಿ ಹಿಂದಕ್ಕೆ, ಪಕ್ಕಕ್ಕೂ ಓಡುತ್ತಾಳೆ. ಅದನ್ನೂ ಸೇರಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ಗೊತ್ತೇ ಇದೆ. ಬೆಳಿಗ್ಗೆ ಏಳರೊಳಗೆ ಮುಗಿಸಿ.

ಶುರು ಮಾಡುವ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಹಾಗಿದ್ದಾಗ ಎಷ್ಟು ಓಡಿದರೂ ಉಸಿರು ಸಿಕ್ಕಿಕೊಳ್ಳುತ್ತದೆ. ಹುಡುಗಿ "ನನ್ನ ಕೈಲಿ ಆಗಲ್ಲ" ಎಂದು ಬಿಟ್ಟುಹೋಗುತ್ತಾಳೆ. ನಿಜವಾಗಿ ಕೊರತೆ ಇರುವುದು ಹೆಚ್ಚಾಗಿ ಕಬ್ಬಿಣಾಂಶದ್ದು, ಮಾತ್ರೆಗೂ ಊಟಕ್ಕೂ ಬಗ್ಗುವಂಥದ್ದು. ದಯವಿಟ್ಟು ಇದನ್ನು ಉಡಾಫೆ ಮಾಡಬೇಡಿ.

ಸೀಟಿ, ಕಾರ್ಡ್, ಬಟ್ಟೆ

ಒಳಗೆ ಗುಂಡಿಲ್ಲದ ಸೀಟಿ ತೆಗೆದುಕೊಳ್ಳಿ. ಗುಂಡಿರುವ ಸೀಟಿ ಮಳೆಗೆ, ಉಗುಳಿಗೆ ಸಿಕ್ಕಿ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಸೀಟಿ ಎರಡಿರಲಿ, ಕೈಗಡಿಯಾರವೂ ಎರಡಿರಲಿ. ಹಳದಿ ಮತ್ತು ಕೆಂಪು ಕಾರ್ಡನ್ನು ಬೇರೆ ಬೇರೆ ಜೇಬಿನಲ್ಲಿಡಿ. ಒಂದು ನಾಣ್ಯ, ಪೆನ್ನು, ಪುಟ್ಟ ನೋಟ್‌ಬುಕ್ಕು. ಚಡ್ಡಿ, ಕಾಲುಚೀಲ ಕಪ್ಪು ಬಣ್ಣದವು. ಇವೆಲ್ಲ ಹುಬ್ಬಳ್ಳಿಯ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತವೆ.

ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಬೇಡಿ. ಕೈಯಲ್ಲಿ ಹಿಡಿಯಿರಿ. ಕೈಯಿಂದ ಬಾಯಿಗೆ ಬರುವ ಆ ಒಂದು ಕ್ಷಣದಲ್ಲಿ ಫೌಲ್ ಆದ ತಂಡಕ್ಕೇ ಚೆಂಡು ಸಿಕ್ಕಿತೋ, ಆಟ ಮುಂದುವರಿಸಿದರೆ ಅವರಿಗೇ ಲಾಭವೋ ಎಂದು ನೋಡಲು ಬಿಡುವು ಸಿಗುತ್ತದೆ. ಸಣ್ಣ ಫೌಲ್‌ಗೆ ಚಿಕ್ಕದಾಗಿ ಊದಿ. ಒರಟು ಆಟಕ್ಕೆ, ಪೆನಾಲ್ಟಿಗೆ ಉದ್ದವಾಗಿ, ಜೋರಾಗಿ ಊದಿ. ಚೆಂಡು ಹೊರಗೆ ಹೋಗಿದ್ದು ಎಲ್ಲರಿಗೂ ಕಂಡಿದ್ದರೆ ಥ್ರೋ, ಕಾರ್ನರ್‌ಗೆ ಊದಬೇಕಾಗಿಯೇ ಇಲ್ಲ. ಮಾತುಮಾತಿಗೂ ಊದುವವಳ ಸೀಟಿಯನ್ನು ಇಪ್ಪತ್ತು ನಿಮಿಷದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಡವೆ ವಿಷಯ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ನಿಯಮದ ಪ್ರಕಾರ ಆಟಗಾರರಷ್ಟೇ ಅಲ್ಲ, ರೆಫರಿಗಳೂ ಗಡಿಯಾರ ಬಿಟ್ಟು ಯಾವ ಆಭರಣವನ್ನೂ ಹಾಕುವ ಹಾಗಿಲ್ಲ. ಬಳೆ, ಓಲೆ, ಮೂಗುತಿ, ಕಾಲುಂಗುರ, ತಾಳಿ ಎಲ್ಲ ಇದರಲ್ಲೇ ಬಂತು. ಮದುವೆಯಾದವರಿಗೆ ಇದು ಸಣ್ಣ ಮಾತಲ್ಲ. ಪಂದ್ಯದ ದಿನ ಬೆಳಿಗ್ಗೆ ಜಗಳ ಆಗುವುದಕ್ಕಿಂತ ಅತ್ತೆಯ ಹತ್ತಿರ ಮುಂಚೆಯೇ ಹೇಳಿ, ತೆಗೆದಿಡಲು ಒಂದು ಡಬ್ಬಿ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ತಲೆವಸ್ತ್ರ ಹಾಕುವವರೂ ಹಿಂಜರಿಯಬೇಕಿಲ್ಲ. ಮೈದಾನದಲ್ಲಿ ತಲೆವಸ್ತ್ರಕ್ಕೆ 2014ರಲ್ಲೇ ನಿಯಮ ಒಪ್ಪಿದೆ. ಪ್ಯಾಲೆಸ್ಟೀನಿನ ಹೆಬಾ ಸಾದಿಯಾ 2023ರ ಮಹಿಳಾ ವಿಶ್ವಕಪ್‌ನಲ್ಲಿ ಹಿಜಾಬ್ ಧರಿಸಿಯೇ ಸಹಾಯಕ ರೆಫರಿ ಆಗಿದ್ದರು.

ಮೊದಲ ಪಂದ್ಯ ಸಿಗುವುದು ಹೇಗೆ

ಸರ್ಟಿಫಿಕೇಟ್ ಕೈಗೆ ಬರಲಿ ಎಂದು ಕಾಯಬೇಡಿ. ನಿಮ್ಮ ಹಳೇ ಶಾಲೆಯ ಪಿಇ ಮಾಸ್ತರರ ಹತ್ತಿರ ಹೋಗಿ, "ಸರ್, ಪ್ರಾಕ್ಟೀಸ್ ಮ್ಯಾಚಿಗೆ ಲೈನ್ ನೋಡ್ತೀನ್ರಿ" ಎಂದು ಕೇಳಿ. ಬಹುಪಾಲು ಮಾಸ್ತರರು ಖುಷಿಯಿಂದ ಒಪ್ಪುತ್ತಾರೆ, ಯಾಕೆಂದರೆ ಅವರಿಗೆ ಬಾವುಟ ಹಿಡಿಯುವವರು ಸಿಗುವುದಿಲ್ಲ. 14 ವರ್ಷದೊಳಗಿನ ಮಕ್ಕಳ ಪಂದ್ಯ, ಕಾಲೇಜು ತಂಡಗಳ ಅಭ್ಯಾಸ ಪಂದ್ಯ, ಓಣಿಯ ಟೂರ್ನಿ ಎಲ್ಲವೂ ಆದೀತು. ಶಾಲೆಗಳ ರಾಷ್ಟ್ರಮಟ್ಟದ ಟೂರ್ನಿಯಾದ ಸುಬ್ರತೊ ಕಪ್‌ಗೆ ಹೆಣ್ಣುಮಕ್ಕಳ ತಂಡಗಳು ತಯಾರಾಗುವ ಸಮಯವಂತೂ ಹೊಸಬರಿಗೆ ಹೇಳಿ ಮಾಡಿಸಿದ್ದು.

ಮೊದಲು ಗೆರೆಯ ಪಕ್ಕ ಸಹಾಯಕಿಯಾಗಿ ಓಡಿ. ಕಣ್ಣು ಆಫ್‌ಸೈಡ್ ಗೆರೆಗೆ ಒಗ್ಗಿದ ಮೇಲೆ ನಡುವೆ ಬನ್ನಿ. ನಡುವೆ ಬಂದಾಗ ಚೆಂಡಿನ ಹಿಂದೆಯೇ ಓಡಬೇಡಿ. ಮೈದಾನದ ಒಂದು ಮೂಲೆ ಕಡೆಯಿಂದ ಎದುರಿನ ಮೂಲೆ ಕಡೆಗೆ ಓರೆಯಾಗಿ ಓಡಾಡಿ. ಹೀಗೆ ಮಾಡಿದರೆ ಆಟ ಯಾವಾಗಲೂ ನಿಮ್ಮ ಮತ್ತು ಒಬ್ಬ ಸಹಾಯಕಿಯ ನಡುವೆ ಇರುತ್ತದೆ, ಎರಡು ಕಡೆಯಿಂದ ಕಣ್ಣು ಬಿದ್ದಿರುತ್ತದೆ.

ಪಂದ್ಯಕ್ಕೆ ಒಂದು ತಾಸು ಮುಂಚೆ ಮೈದಾನದಲ್ಲಿರಿ. ಜೊತೆಗೆ ಟೇಪು ಇರಲಿ. ಗೋಲಿನ ಕಂಬಗಳ ನಡುವೆ 7.32 ಮೀಟರ್, ಅಡ್ಡಪಟ್ಟಿಯ ಎತ್ತರ 2.44 ಮೀಟರ್, ಪೆನಾಲ್ಟಿ ಗುರುತು ಗೋಲಿನಿಂದ 11 ಮೀಟರ್. ನಮ್ಮಲ್ಲಿ ಸುಣ್ಣದ ಪುಡಿಯ ಗೆರೆ ಅಂದಾಜಿನ ಮೇಲೆ ಹಾಕುವುದು ರೂಢಿ. ಪೆನಾಲ್ಟಿ ಗುರುತು ಎರಡು ಹೆಜ್ಜೆ ಆಚೀಚೆ ಆಗಿದ್ದರೆ ಆಟ ಶುರುವಾಗುವ ಮುಂಚೆ ಅಳಿಸಿ ಹಾಕಿಸಿ, ಆಮೇಲೆ ಜಗಳ ಆಡಿ ಉಪಯೋಗವಿಲ್ಲ. ಗೋಲ್ ಕಂಬಗಳನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿ. ನೆಲಕ್ಕೆ ಭದ್ರವಾಗಿ ಹೂತಿರದ ಕಂಬ ಮಕ್ಕಳ ಮೇಲೆ ಬೀಳಬಹುದು. ಅದು ಸರಿಯಾಗುವವರೆಗೆ ಪಂದ್ಯ ಶುರು ಮಾಡಬೇಡಿ, ಯಾವ ಮುಖ್ಯ ಅತಿಥಿ ಬಂದು ಕೂತಿದ್ದರೂ ಸರಿ.

ಮಳೆಗಾಲದ ಎರೆ ನೆಲ ಬೇರೆಯೇ ಸಮಸ್ಯೆ. ಗದಗ, ನವಲಗುಂದದ ಕಡೆ ಒಂದು ಮಳೆ ಬಿದ್ದರೆ ಹತ್ತು ಹೆಜ್ಜೆಗೇ ಬೂಟಿನ ಅಡಿಗೆ ಅರ್ಧ ಕೆಜಿ ಮಣ್ಣು ಮೆತ್ತಿಕೊಳ್ಳುತ್ತದೆ. ಸ್ಟಡ್ ಕಾಣುವುದೇ ಇಲ್ಲ, ಕಾಲು ಜಾರುತ್ತದೆ. ಚೆಂಡನ್ನು ಎದೆ ಎತ್ತರದಿಂದ ನಾಲ್ಕು ಕಡೆ ಬಿಟ್ಟು ನೋಡಿ. ಪುಟಿಯದೆ ಕೆಸರಲ್ಲೇ ಕೂತರೆ, ಉರುಳಿಸಿದರೆ ನಿಂತುಬಿಟ್ಟರೆ, ಪಂದ್ಯ ಮುಂದೂಡಿ. ಆ ಅಧಿಕಾರ ರೆಫರಿಯದು. ಒಂದು ಚೂಪು ಕಡ್ಡಿ ಅಥವಾ ಹಳೇ ಚಮಚ ಚೀಲದಲ್ಲಿಟ್ಟುಕೊಳ್ಳಿ, ವಿರಾಮದಲ್ಲಿ ಬೂಟಿನ ಮಣ್ಣು ಕೆರೆಯಲು ಬೇಕಾಗುತ್ತದೆ.

ಕೂಗಾಟದ ನಡುವೆ

"ಏನ್ರೀ ಮೇಡಂ, ಕಾಣ್ಲಿಲ್ಲೇನ್ರಿ?" ಎಂಬ ಮಾತು ಮೊದಲ ಹತ್ತು ನಿಮಿಷದಲ್ಲೇ ಬರುತ್ತದೆ. ಉತ್ತರ ಚಿಕ್ಕದಾಗಿರಲಿ: "ಕಂಡೈತ್ರಿ, ಫೌಲ್ ಅಲ್ಲ. ಆಡ್ರಿ." ಅಷ್ಟೇ. ವಿವರಿಸುತ್ತಾ ನಿಂತರೆ ಸುತ್ತ ಏಳು ಜನ ಸೇರುತ್ತಾರೆ. ಟಾಸ್ ಹೊತ್ತಿಗೇ ಇಬ್ಬರೂ ನಾಯಕರಿಗೆ ಹೇಳಿಬಿಡಿ: ಕೇಳುವುದಿದ್ದರೆ ನೀವೊಬ್ಬರೇ ಬರಬೇಕು. ಕಾರ್ಡ್ ತೋರಿಸುವಾಗ ಆಟಗಾರನ ಮುಖಕ್ಕೆ ಹಿಡಿಯಬೇಡಿ. ಎರಡು ಹೆಜ್ಜೆ ದೂರ ನಿಂತು, ಕೈ ಪೂರ್ತಿ ಮೇಲೆತ್ತಿ ತೋರಿಸಿ.

"ಅಕ್ಕಾ, ಬಿಡ್ರಿ ಈ ಸಲ" ಎಂದು ಸಲಿಗೆಯಿಂದ ಬರುವವರೂ ಇರುತ್ತಾರೆ. ಅಕ್ಕ ಎಂದಿದ್ದಕ್ಕೆ ಬೇಜಾರು ಬೇಡ, ನಮ್ಮ ಕಡೆ ಅದು ಪ್ರೀತಿಯ ಮಾತೇ. ಕಾರ್ಡ್ ಮಾತ್ರ ಜೇಬಿಗೆ ವಾಪಸ್ ಹೋಗಬಾರದು. ಆದರೆ ಅಸಭ್ಯ ಮಾತು, ಹೆಣ್ಣು ಎಂಬ ಕಾರಣಕ್ಕೆ ಹೀಯಾಳಿಕೆ ಬಂದರೆ ಅದನ್ನು ನುಂಗಿಕೊಳ್ಳಬೇಕಾಗಿಲ್ಲ. ಅವಮಾನದ ಮಾತಿಗೆ, ಸನ್ನೆಗೆ ನಿಯಮದಲ್ಲೇ ನೇರ ಕೆಂಪು ಕಾರ್ಡ್ ಇದೆ. ಆಡಿದ ಮಾತನ್ನು ಆಡಿದ ಹಾಗೇ ವರದಿಯಲ್ಲಿ ಬರೆಯಿರಿ: ಯಾವ ನಿಮಿಷ, ಯಾವ ನಂಬರಿನ ಅಂಗಿ, ಏನು ಅಂದ. ನಿಮ್ಮ ಅಭಿಪ್ರಾಯ ಬೇಡ, ನಡೆದಿದ್ದು ಮಾತ್ರ. ಮುಂದೆ ಯಾರಾದರೂ ಪ್ರಶ್ನಿಸಿದರೆ ಕೆಲಸಕ್ಕೆ ಬರುವುದು ಆ ಕಾಗದವೇ.

ಮೈದಾನದ ಹೊರಗೆ ಕಿರುಕುಳವಾದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಕ್ರೀಡಾಂಗಣ, ಕ್ರೀಡಾಕೂಟದ ಜಾಗವೂ ಆ ಕಾಯ್ದೆಯಲ್ಲಿ ಕೆಲಸದ ಸ್ಥಳವೇ. ಸಂಘಟಕರಲ್ಲಿ ದೂರು ಸಮಿತಿ ಇಲ್ಲದಿದ್ದರೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ, ಅಲ್ಲಿಗೆ ಬರೆದು ಕೊಡಬಹುದು. ತುರ್ತು ಇದ್ದರೆ 112, ಮಹಿಳಾ ಸಹಾಯವಾಣಿ 181.

ಮನೆ, ಬಸ್ಸು, ಶೌಚಾಲಯ

ಸೀಟಿ ಊದುವುದಕ್ಕಿಂತ ಇದು ಕಷ್ಟ. ಪಂದ್ಯ ಒಪ್ಪಿಕೊಳ್ಳುವಾಗಲೇ ಸಂಘಟಕರಿಗೆ ಮೂರು ಪ್ರಶ್ನೆ ಕೇಳಿ. ಬಟ್ಟೆ ಬದಲಿಸಲು ಬಾಗಿಲು ಹಾಕುವ ಕೋಣೆ ಇದೆಯಾ? ನೀರಿರುವ ಶೌಚಾಲಯ ಇದೆಯಾ? ಪಂದ್ಯ ಎಷ್ಟು ಗಂಟೆಗೆ ಮುಗಿಯುತ್ತದೆ? ಸಂಕೋಚ ಬೇಡ. ನೀವು ಕೇಳಿದರೆ ಮುಂದಿನ ಸಲ ಬರುವ ಹುಡುಗಿಗೂ ಅನುಕೂಲ. ಶೌಚಾಲಯ ಇಲ್ಲವೆಂದು ನೀರು ಕುಡಿಯದೆ ಬಿಸಿಲಲ್ಲಿ 90 ನಿಮಿಷ ಓಡುವ ಹುಡುಗಿಯರಿದ್ದಾರೆ. ಅದು ಅಪಾಯ. ಹತ್ತಿರದ ಶಾಲೆಯದ್ದೋ, ಪರಿಚಯದ ಮನೆಯದ್ದೋ ವ್ಯವಸ್ಥೆ ಮಾಡಿಸಿ, ನೀರು ಕುಡಿಯಿರಿ. ಮುಟ್ಟಿನ ದಿನಗಳಿಗೆ ಒಂದು ಜೊತೆ ಹೆಚ್ಚಿನ ಕಪ್ಪು ಚಡ್ಡಿ ಚೀಲದಲ್ಲಿರಲಿ.

ಓಡಾಟದ ಖರ್ಚು ಈಗ ಮೊದಲಿನಷ್ಟಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ, ವೇಗದೂತ ಸರ್ಕಾರಿ ಬಸ್ಸು ಉಚಿತ. ಹಾವೇರಿಯಿಂದ ಹುಬ್ಬಳ್ಳಿಗೆ ಬಂದು ಪಂದ್ಯ ಮುಗಿಸಿ ಸಂಜೆಯೊಳಗೆ ಮನೆ ಸೇರಬಹುದು. ಮನೆಯವರನ್ನು ಒಪ್ಪಿಸುವ ಮಾತಿಗೆ ಬಂದರೆ, ವಾದ ಮಾಡುವುದಕ್ಕಿಂತ ಒಮ್ಮೆ ಅಪ್ಪನನ್ನೋ ಅವ್ವನನ್ನೋ ಪಂದ್ಯಕ್ಕೆ ಕರೆದುಕೊಂಡು ಹೋಗಿ. ಇಪ್ಪತ್ತೆರಡು ಜನ ಮಗಳ ಸೀಟಿಗೆ ನಿಲ್ಲುವುದನ್ನು ಅವರು ಕಣ್ಣಾರೆ ನೋಡಲಿ.

ಪರೀಕ್ಷೆ ಮತ್ತು ಮುಂದಿನ ಮೆಟ್ಟಿಲು

ಅಧಿಕೃತ ರೆಫರಿ ಆಗಲು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ ಹೋಗಬೇಕು. ಅದರ ಕಚೇರಿ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿದೆ. ಪರೀಕ್ಷೆ ಕರೆದಾಗ ಸುದ್ದಿ ತಪ್ಪದಿರಲಿ ಎಂದು ಜಿಲ್ಲೆಯ ಫುಟ್‌ಬಾಲ್ ಸಂಘಟಕರ, ಹಿರಿಯ ರೆಫರಿಗಳ ಸಂಪರ್ಕದಲ್ಲಿರಿ. ಲಿಖಿತ ಪರೀಕ್ಷೆ ಮತ್ತು ಓಟ ಎರಡಕ್ಕೂ ತಯಾರಾಗಿ ಹೋಗಿ. ಅಲ್ಲಿಂದ ಮೇಲೆ ರಾಜ್ಯ ಮಟ್ಟ, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ರಾಷ್ಟ್ರೀಯ ಮಟ್ಟ, ಆಮೇಲೆ ಫಿಫಾ. ಗೋವಾದ ಉವೇನಾ ಫರ್ನಾಂಡಿಸ್, ಮಣಿಪುರದ ರಂಜಿತಾ ದೇವಿ, ಬಂಗಾಳದ ಕನಿಕಾ ಬರ್ಮನ್ ಫಿಫಾ ಪಟ್ಟಿಯವರೆಗೆ ಹೋದದ್ದು ಹೀಗೇ ಒಂದೊಂದೇ ಮೆಟ್ಟಿಲು ಹತ್ತಿ.

ದುಡ್ಡಿನ ಲೆಕ್ಕ ನೇರವಾಗಿ ಹೇಳಬೇಕು. ಆರಂಭದಲ್ಲಿ ಪಂದ್ಯಕ್ಕಿಷ್ಟು ಎಂದು ಸಿಗುತ್ತದೆ, ಅದರಲ್ಲಿ ಮನೆ ನಡೆಯುವುದಿಲ್ಲ. ಓದು, ನೌಕರಿ ಬಿಡಬೇಡಿ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ 2017ರಲ್ಲಿ ಮೊದಲ ಮಹಿಳಾ ರೆಫರಿ ಆದ ಬಿಬಿಯಾನಾ ಸ್ಟೈನ್‌ಹೌಸ್ ಕೂಡ ಪೊಲೀಸ್ ಅಧಿಕಾರಿಯೇ ಆಗಿದ್ದರು. ಬಿ.ಪಿ.ಎಡ್ ಓದುವವರಿಗೆ, ದೈಹಿಕ ಶಿಕ್ಷಕಿ ಆಗಬೇಕೆನ್ನುವವರಿಗೆ ರೆಫರಿ ಅನುಭವ ಕೈಹಿಡಿಯುತ್ತದೆ.

ಮೊದಲ ಪಂದ್ಯದಿಂದಲೇ ಒಂದು ಡೈರಿ ಇಡಿ. ದಿನಾಂಕ, ಮೈದಾನ, ತಂಡಗಳು, ನೀವು ನಡುವೆ ಇದ್ದಿರೋ ಗೆರೆಯಲ್ಲಿದ್ದಿರೋ, ಕೊಟ್ಟ ಕಾರ್ಡುಗಳು, ಹಿರಿಯ ರೆಫರಿ ತಿದ್ದಿದ ಒಂದೆರಡು ಮಾತು, ಕೈಗೆ ಬಂದ ಹಣ. ಮುಂದಿನ ದರ್ಜೆಗೆ ಅರ್ಜಿ ಹಾಕುವಾಗ ಎಷ್ಟು ಪಂದ್ಯ ಮಾಡಿದ್ದೀರಿ ಎಂದು ಕೇಳಿದರೆ, ಆ ಡೈರಿ ತೆಗೆದು ಮೇಜಿನ ಮೇಲಿಡಿ.